ಇಂಗ್ಲಿಷ್ ಪದಗಳನ್ನು ಮಂತ್ರ ಮಾಡಬೇಡಿ



ಹಾಸ್ಟೆಲ್ಲಿನ ಗೋಡೆಗೆ ಇಂಗ್ಲಿಷ್ ಪದಗಳ ಪಟ್ಟಿ ಅಂಟಿಸಿಕೊಂಡು ರಾತ್ರಿ ಎರಡು ಗಂಟೆಯವರೆಗೆ ತುಟಿ ಅಲ್ಲಾಡಿಸುತ್ತಾ ಕೂತ ಹುಡುಗನನ್ನು ಕಂಡರೆ ಎರಡು ಥರದ ಜನ ನಗುತ್ತಾರೆ. ಮೊದಲನೆಯವರು, ಹುಟ್ಟಿದಾಗಿನಿಂದ ಮನೆ ಬಾಗಿಲಿಗೆ ಇಂಗ್ಲಿಷ್ ಪೇಪರು ಬೀಳುತ್ತಿದ್ದವರು. 'ವೊಕ್ಯಾಬುಲರಿ ಹೀಗೆಲ್ಲಾ ಬರಲ್ಲಪ್ಪಾ, ಅದು ಮನೆ ಸಂಸ್ಕಾರದಿಂದ ಬರಬೇಕು' ಅಂತಾರೆ. ಎರಡನೆಯವರು ನಮ್ಮವರೇ. 'ಏನೋ, ಅಮೆರಿಕಾಕ್ಕೆ ಹಾರೋಕೆ ರೆಕ್ಕೆ ಕಟ್ಕೊಳ್ತಾ ಇದೀಯಾ? ಇಲ್ಲಿ ಧರಣಿ ಕೂರೋರು ಯಾರು?' ಅಂತಾರೆ. ಈ ಎರಡು ನಗುವಿಗೂ ಉತ್ತರ ಕೊಡಬೇಕಾಗಿದೆ. ಇನ್ನು ಮೂರನೆಯವನೊಬ್ಬನಿದ್ದಾನೆ. ಅವನು ನಗುವುದಿಲ್ಲ, ಫೀಸು ತಗೋತಾನೆ. ಪದಗಳ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವ ಕೋಚಿಂಗ್ ಅಂಗಡಿಯವನು. ನನ್ನ ಜಗಳ ಹೆಚ್ಚಾಗಿ ಅವನ ಜೊತೆಗೇ.

ಮೊದಲು ಪರೀಕ್ಷೆ ಏನು ಅಂತ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಅಮೆರಿಕಾದ ವಿಶ್ವವಿದ್ಯಾಲಯಗಳಲ್ಲಿ ಎಂ.ಎ., ಎಂ.ಎಸ್., ಪಿಎಚ್.ಡಿ. ಸೇರಲು ಬರೆಯುವ ಪರೀಕ್ಷೆಗೆ ಜಿಆರ್‌ಇ ಅಂತ ಹೆಸರು. 1936-37ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಮತ್ತು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾಲಯಗಳು ಸೇರಿ ಇದನ್ನು ಶುರು ಮಾಡಿದವು. ಈಗ ಇಟಿಎಸ್ ಎಂಬ ಸಂಸ್ಥೆ ನಡೆಸುತ್ತದೆ. ಗಣಿತದ್ದೊಂದು ಭಾಗ, ಬರವಣಿಗೆಯದ್ದೊಂದು, ಭಾಷೆಯದ್ದೊಂದು. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನು ಎರಡು ಗಂಟೆಯೊಳಕ್ಕೆ ಇಳಿಸಿದರು. ಭಾಷೆಯ ಭಾಗದಲ್ಲಿ 27 ಪ್ರಶ್ನೆ, 41 ನಿಮಿಷ. ಅಂಕ 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶುಲ್ಕ ಇಪ್ಪತ್ತು ಸಾವಿರ ರೂಪಾಯಿಗೂ ಮೇಲೆ. ಹೌದು, ಸರಿಯಾಗೇ ಓದಿದಿರಿ. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದದ್ದು ಗೌತಮ ಧರ್ಮಸೂತ್ರ. ಈಗಿನ ಕಾಲದಲ್ಲಿ ಅಷ್ಟು ಕಷ್ಟ ಯಾರೂ ಪಡುವುದಿಲ್ಲ. ಇಂಥ ಶುಲ್ಕ ಇಟ್ಟರೆ ಕೂಲಿಯವನ ಮಗ ಬಾಗಿಲಿಂದಲೇ ವಾಪಸು ಹೋಗುತ್ತಾನೆ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. 2020ರ ಕೊರೊನಾದಿಂದೀಚೆಗೆ ಎಷ್ಟೋ ವಿಭಾಗಗಳು ಈ ಪರೀಕ್ಷೆ ಕಡ್ಡಾಯವಲ್ಲ ಎಂದು ಬಿಟ್ಟಿವೆ. ನೀವು ಸೇರಬೇಕೆಂದಿರುವ ವಿಭಾಗದ ನಿಯಮ ಓದಿ. ಬೇಡ ಅಂದಿದ್ದರೆ ಆ ದುಡ್ಡನ್ನು ಅರ್ಜಿಗೆ ಇಟ್ಟುಕೊಳ್ಳಿ. ಬೇಕು ಅಂದಿದ್ದರೆ ಮುಂದಿನದನ್ನು ಓದಿ. ಪರೀಕ್ಷೆ ಬೇಡವಾದವರೂ ಓದಬಹುದು. ಪದಗಳು ಬೇಡವಾದವರು ಯಾರೂ ಇಲ್ಲ.

ಕೋಚಿಂಗ್‌ನವನು ಏನು ಮಾಡ್ತಾನೆ? ಮೂರು ಸಾವಿರ, ಮೂರೂವರೆ ಸಾವಿರ ಪದಗಳ ಪಟ್ಟಿ ಕೈಗೆ ಕೊಡ್ತಾನೆ. ಎಡಗಡೆ ಪದ, ಬಲಗಡೆ ಒಂದೇ ಪದದ ಅರ್ಥ. ಅಬೇಸ್ ಅಂದರೆ ಕೀಳು ಮಾಡು, ಅಬ್ಯಾಶ್ ಅಂದರೆ ನಾಚಿಸು, ಅಬೇಟ್ ಅಂದರೆ ಕಡಿಮೆಯಾಗು. ಹಳೆಯ ಪಟ್ಟಿಗಳು ಹೀಗೇ ಶುರುವಾಗುತ್ತವೆ. ನೋಡ್ರಪ್ಪ, ಮೊದಲನೆಯ ಪದವೇ ಕೀಳು ಮಾಡು! ಅದರ ಅರ್ಥ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಡುಗ ಅದನ್ನು ತನ್ನ ಬದುಕಿಗೆ ತಾಗಿಸದೆ, 'ಅಬೇಸ್ ಕೀಳು ಮಾಡು, ಅಬೇಸ್ ಕೀಳು ಮಾಡು' ಅಂತ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ಒದರುತ್ತಾನೆ. ಇದು ಎಲ್ಲಿಯ ಪದ್ಧತಿ? ಇದು ಪಾಠಶಾಲೆಯ ವಟುಗಳ ಪದ್ಧತಿ. ಅರ್ಥ ಬೇಡ, ಸ್ವರ ತಪ್ಪಬಾರದು, ಅಕ್ಷರ ಜಾರಬಾರದು. ಸಾವಿರಾರು ವರ್ಷ ಯಾವ ಮಂತ್ರಪಾಠದಿಂದ ನಮ್ಮನ್ನು ಹೊರಗಿಟ್ಟರೋ, ಅದೇ ಮಂತ್ರಪಾಠವನ್ನು ಈಗ ದುಡ್ಡು ಕೊಟ್ಟು ಇಂಗ್ಲಿಷಿನಲ್ಲಿ ಕಲಿಯುತ್ತಿದ್ದೇವೆ. ಪುರೋಹಿತ ಹೋಗಿ ಟ್ಯೂಟರ್ ಬಂದ, ಅಷ್ಟೆ.

ಬಾಯಿಪಾಠ ನಿಲ್ಲುವುದೂ ಇಲ್ಲ. ಎಬ್ಬಿಂಗ್‌ಹೌಸ್ ಎಂಬ ಜರ್ಮನಿಯ ಮನಶ್ಶಾಸ್ತ್ರಜ್ಞ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರು ಹೊಡೆದು, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟ. ಒಂದು ದಿನ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಹೋಗಿರುತ್ತಿತ್ತು. ನಮ್ಮ ಹುಡುಗರು ಅರ್ಥವಿರುವ ಪದಗಳನ್ನೇ ಅರ್ಥವಿಲ್ಲದ ಅಕ್ಷರಗುಚ್ಛ ಮಾಡಿಕೊಂಡು ಉರು ಹೊಡೆಯುತ್ತಾರೆ. ಆಮೇಲೆ 'ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ, ನಮ್ಮ ರಕ್ತದಲ್ಲೇ ಇಲ್ಲ' ಅಂತ ಅಳುತ್ತಾರೆ. ರಕ್ತದಲ್ಲಿ ಯಾರಿಗೂ ಇಲ್ಲ ಕಣಪ್ಪ. ಎಬ್ಬಿಂಗ್‌ಹೌಸನ ರಕ್ತದಲ್ಲೂ ಇರಲಿಲ್ಲ.

ರಕ್ತದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ ಹೇಳಬೇಕು. ಜಿಆರ್‌ಇಗೆ ಒಬ್ಬ ಅಣ್ಣ ಇದ್ದಾನೆ, ಎಸ್‌ಎಟಿ ಅಂತ. ಅಮೆರಿಕಾದಲ್ಲಿ ಪದವಿ ಕಾಲೇಜು ಸೇರಲು ಬರೆಯುವ ಪರೀಕ್ಷೆ ಅದು. 1926ರಲ್ಲಿ ಅದನ್ನು ರೂಪಿಸಿದವನು ಕಾರ್ಲ್ ಬ್ರಿಗಮ್ ಎಂಬ ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ. ಇದೇ ಬ್ರಿಗಮ್ 1923ರಲ್ಲಿ ಒಂದು ಪುಸ್ತಕ ಬರೆದು, ಉತ್ತರ ಯುರೋಪಿನ ಬಿಳಿಯರೇ ಹುಟ್ಟಾ ಬುದ್ಧಿವಂತರು, ಕರಿಯರೂ ಬೇರೆ ಕಡೆಯಿಂದ ವಲಸೆ ಬಂದವರೂ ಕಡಿಮೆ ಬುದ್ಧಿಯವರು ಅಂತ ಸೈನಿಕರಿಗೆ ಕೊಟ್ಟ ಪರೀಕ್ಷೆಗಳ ಅಂಕ ತೋರಿಸಿ ವಾದಿಸಿದ್ದ. ಇಂಗ್ಲಿಷ್ ಬಾರದವನಿಗೂ ಅಮೆರಿಕಾದ ಜೀವನ ಗೊತ್ತಿಲ್ಲದವನಿಗೂ ಆ ಪರೀಕ್ಷೆ ಹೇಗೆ ಬುದ್ಧಿ ಅಳೆಯುತ್ತದೆ? 1930ರಲ್ಲಿ ಅವನೇ ತನ್ನ ವಾದ ಆಧಾರವಿಲ್ಲದ್ದು ಅಂತ ಬರೆದು ಹಿಂದಕ್ಕೆ ತಗೊಂಡ. ಮನು ಇನ್ನೂ ಹಿಂದಕ್ಕೆ ತಗೊಂಡಿಲ್ಲ, ಆ ಮಾತು ಬೇರೆ.

ಎಸ್‌ಎಟಿಯಲ್ಲಿ ಒಂದು ಪ್ರಶ್ನೆ ಬಹಳ ಹೆಸರು ಕೆಡಿಸಿಕೊಂಡಿತು. ಓಟಗಾರನಿಗೆ ಮ್ಯಾರಥಾನ್ ಹೇಗೋ ಹಾಗೆ ದೋಣಿಯ ಹುಟ್ಟು ಹಾಕುವವನಿಗೆ ಏನು? ಉತ್ತರ, ರೆಗಾಟಾ. ರೆಗಾಟಾ ಅಂದರೆ ದೋಣಿ ಪಂದ್ಯ. ಯಾರ ಮನೆಯ ಮಕ್ಕಳು ಭಾನುವಾರ ದೋಣಿ ಪಂದ್ಯ ನೋಡಲು ಹೋಗ್ತಾರೋ ಅವರಿಗೆ ಅದು ಬುದ್ಧಿ. ಕಾವೇರಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸಿ ಹೊಟ್ಟೆ ಹೊರೆಯುವವನ ಮಗ ಹುಟ್ಟನ್ನು ಕೈಯಲ್ಲಿ ಹಿಡಿದು ಬೆಳೆದಿದ್ದರೂ ಆ ಪ್ರಶ್ನೆಯಲ್ಲಿ ದಡ್ಡ. ಇಂಥ ಪ್ರಶ್ನೆಗಳ ವಿರುದ್ಧ ಅಲ್ಲಿನ ಕರಿಯರೂ ವಿಚಾರವಂತರೂ ಗಲಾಟೆ ಮಾಡಿದರು. 2005ರಲ್ಲಿ ಎಸ್‌ಎಟಿ ಈ ಥರದ ಜೋಡಿ ಪ್ರಶ್ನೆಗಳನ್ನು ಕೈಬಿಟ್ಟಿತು. 2011ರ ಆಗಸ್ಟ್‌ನಲ್ಲಿ ಜಿಆರ್‌ಇ ಕೂಡ ಜೋಡಿ ಪದ, ವಿರುದ್ಧ ಪದ ಎರಡನ್ನೂ ತೆಗೆದುಹಾಕಿತು.

ಈ 2011 ಮುಖ್ಯ. ಅದಕ್ಕೆ ಮುಂಚೆ ಪದವನ್ನು ಬರೀ ಪದವಾಗಿ ಕೇಳುತ್ತಿದ್ದರು. ಈಗ ವಾಕ್ಯದ ಒಳಗೆ ಇಟ್ಟು ಕೇಳುತ್ತಾರೆ. ಒಂದು ಅಥವಾ ಎರಡು ಅಥವಾ ಮೂರು ಖಾಲಿ ಜಾಗ, ಎಲ್ಲ ತುಂಬಿದರೆ ಮಾತ್ರ ಅಂಕ. ಇಲ್ಲವೇ ಒಂದೇ ಖಾಲಿ ಜಾಗಕ್ಕೆ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಿ ಅಂತಾರೆ. ಇನ್ನುಳಿದ ಅರ್ಧದಷ್ಟು ಪ್ರಶ್ನೆ ಪ್ಯಾರಾ ಓದಿ ಉತ್ತರಿಸುವುದು. ಆದರೂ ಕೋಚಿಂಗ್‌ನವನು ಇನ್ನೂ ಅದೇ ಹಳೆ ಪಟ್ಟಿ ಮಾರುತ್ತಿದ್ದಾನೆ! ಪರೀಕ್ಷೆ ಬದಲಾಗಿ ಇಷ್ಟು ವರ್ಷ ಆಯ್ತು, ಪಂಚಾಂಗ ಬದಲಾಗಲಿಲ್ಲ.

ಖಾಲಿ ಜಾಗದ ಪ್ರಶ್ನೆ ಹೇಗಿರುತ್ತದೆ ಅಂತ ಕನ್ನಡದಲ್ಲೇ ತೋರಿಸುತ್ತೇನೆ. 'ಗೌಡರು ಸಭೆಯಲ್ಲಿ ಸಮಾನತೆ ಕುರಿತು ಒಂದು ಗಂಟೆ ಭಾಷಣ ಬಿಗಿದರೂ, ತಮ್ಮ ಹೋಟೆಲಿನಲ್ಲಿ ಬೇರೆ ಲೋಟದ ಪದ್ಧತಿಯನ್ನು...' ಮುಂದೆ ಏನು? ನಿಮಗೆ ಯಾರೂ ಆಯ್ಕೆ ಕೊಡಬೇಕಾಗಿಲ್ಲ. 'ಬಿಗಿದರೂ' ಎಂಬಲ್ಲಿನ ಆ 'ಊ' ಕೇಳಿದ ಕೂಡಲೇ ಮುಂದಿನದು ತಿಳಿಯಿತು. ಇಂಗ್ಲಿಷಿನಲ್ಲಿ ಆ 'ಊ' ಮಾಡುವ ಕೆಲಸವನ್ನು ಆಲ್ದೋ, ಡಿಸ್ಪೈಟ್, ಯೆಟ್, ಫಾರ್ ಫ್ರಮ್ ಎಂಬ ಪದಗಳು ಮಾಡುತ್ತವೆ. ಮೊದಲು ಈ ಸಣ್ಣ ಪದಗಳನ್ನು ಹಿಡಿಯಿರಿ. ಕೀಲು ಇರುವುದು ಅಲ್ಲಿ. ಮಾತು ಒಂದು, ಮನಸ್ಸು ಒಂದು ಇರುವ ಜನರ ನಡುವೆ ಮುಖ ನೋಡಿಯೇ ಮುಂದಿನದನ್ನು ಅಂದಾಜು ಮಾಡಿ ಬದುಕಿದವರು ನಾವು. ಈ ಕೆಲಸದಲ್ಲಿ ನಮಗೆ ಯಾರೂ ಗುರುಗಳು ಬೇಡ.

ಇನ್ನು ಒಂದು ಪದಕ್ಕೆ ಒಂದೇ ಅರ್ಥ ಕೊಡುವ ಪಟ್ಟಿಯ ಮೋಸ ನೋಡಿ. ಹಾಸ್ಟೆಲ್ಲಿನಲ್ಲಿ ಇರುವ ಪ್ರತಿಯೊಬ್ಬನಿಗೂ ಸ್ಯಾಂಕ್ಷನ್ ಗೊತ್ತು. ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಯ್ತಾ, ಇಲ್ವಾ? ಅದೇ ಪದಕ್ಕೆ ದಂಡನೆ, ನಿರ್ಬಂಧ ಎಂಬ ಅರ್ಥವೂ ಇದೆ. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರು ಅಂದರೆ ಮಂಜೂರು ಮಾಡಿದರು ಅಂತಲ್ಲ. ಕ್ವಾಲಿಫೈ ಅಂದರೆ ಅರ್ಹನಾಗು. ಕ್ವಾಲಿಫೈಡ್ ಪ್ರೇಸ್ ಅಂದರೆ? ಅರ್ಹವಾದ ಹೊಗಳಿಕೆ ಅಂತ ಬರೆದವನು ಕೆಟ್ಟ. ಷರತ್ತು ಹಾಕಿದ, ಕೊಂಕಿಟ್ಟ ಹೊಗಳಿಕೆ ಅಂತ ಅದರ ಅರ್ಥ. 'ಅವರ ಜಾತಿಯವನಾದ್ರೂ ಹುಡುಗ ಚೆನ್ನಾಗಿ ಓದ್ತಾನೆ' ಅಂತಾರಲ್ಲ, ಅದು. ಈ ಪರೀಕ್ಷೆಯವರಿಗೆ ಇಂಥ ಪದಗಳೆಂದರೆ ಪ್ರೀತಿ. ಯಾರಿಗೂ ಗೊತ್ತಿಲ್ಲದ ಪದಕ್ಕಿಂತ ಎಲ್ಲರಿಗೂ ಅರ್ಧ ಗೊತ್ತಿರುವ ಪದದಲ್ಲಿ ಜನ ಬೀಳುತ್ತಾರೆ.

ಈಗ ಪಟ್ಟಿಯಲ್ಲಿ ಪಿ ಅಕ್ಷರಕ್ಕೆ ಬನ್ನಿ. ಅಲ್ಲಿ ಒಂದು ಪದ ಕೂತಿದೆ. ಪರಾಯ. ಅರ್ಥ: ಬಹಿಷ್ಕೃತ, ಸಮಾಜ ದೂರವಿಟ್ಟವನು. ನಮ್ಮ ಹುಡುಗರು ಇದನ್ನೂ 'ಪರಾಯ ಔಟ್‌ಕಾಸ್ಟ್, ಪರಾಯ ಔಟ್‌ಕಾಸ್ಟ್' ಅಂತ ಉರು ಹೊಡೆದು ಮುಂದಕ್ಕೆ ಹೋಗುತ್ತಾರೆ. ನಿಲ್ಲಯ್ಯಾ ಸ್ವಲ್ಪ! ಅದು ಯಾರ ಹೆಸರು ಗೊತ್ತಾ? ತಮಿಳುನಾಡಿನ ಪರೈಯರ ಹೆಸರು. ಪರೈ ಅಂದರೆ ಅವರು ಬಾರಿಸುವ ವಾದ್ಯ, ನಮ್ಮ ತಮಟೆಯ ಅಣ್ಣತಮ್ಮ. ಹದಿನೇಳನೆಯ ಶತಮಾನದ ಆರಂಭದಲ್ಲಿ ಈ ಹೆಸರು ಇಂಗ್ಲಿಷಿಗೆ ಹೋಯಿತು. ಅಲ್ಲಿ ಹೋಗಿ ಬೈಗುಳವಾಯಿತು. ಬೀದಿ ನಾಯಿಗೆ ಪರಾಯ ಡಾಗ್ ಎಂದರು. ಇವತ್ತು ಯಾವ ದೇಶವನ್ನಾದರೂ ಉಳಿದ ದೇಶಗಳು ದೂರವಿಟ್ಟರೆ ಪತ್ರಿಕೆಗಳು ಪರಾಯ ಸ್ಟೇಟ್ ಅಂತ ಬರೆಯುತ್ತವೆ. ಒಂದು ಜನಾಂಗದ ಹೆಸರು ಇಡೀ ಜಗತ್ತಿನಲ್ಲಿ 'ಮುಟ್ಟಬೇಡ' ಎಂಬುದಕ್ಕೆ ಪರ್ಯಾಯವಾಗಿ ಓಡಾಡುತ್ತಿದೆ. ಅದನ್ನು ಅದೇ ಜನರ ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ.

ಹಾಗಾದರೆ ಬ್ರಾಹ್ಮಿನ್ ಎಂಬ ಪದ ಇಂಗ್ಲಿಷಿನಲ್ಲಿ ಏನಾಯಿತು? ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಅಮೆರಿಕಾದ ವೈದ್ಯ-ಲೇಖಕ 1860ರಲ್ಲಿ ತಮ್ಮ ಕಡೆಯ ಹಳೆ ಮನೆತನಗಳ ವಿದ್ಯಾವಂತರಿಗೆ ಬ್ರಾಹ್ಮಿನ್ ಜಾತಿ ಎಂದು ಹೆಸರಿಟ್ಟ. ಅಲ್ಲಿಂದ ಬೋಸ್ಟನ್ ಬ್ರಾಹ್ಮಿನ್ ಎಂಬ ಮಾತು ನಿಂತಿತು. ನಿಘಂಟು ತೆಗೆದು ನೋಡಿ, ಉನ್ನತ ಸಂಸ್ಕೃತಿಯ, ಬೌದ್ಧಿಕ ವರ್ಗದವನು ಎಂಬ ಅರ್ಥ ಸಿಗುತ್ತದೆ. ಪಂಡಿತ್ ಹೋಗಿ ಪಂಡಿಟ್ ಆಗಿ ಟಿ.ವಿ.ಯಲ್ಲಿ ಕೂತು ಅಭಿಪ್ರಾಯ ಹೇಳುವ ತಜ್ಞನಾದ. ಗುರು ಗುರುವಾಗೇ ಉಳಿದ. ನಮ್ಮ ಊರಿನ ನಕ್ಷೆಯನ್ನೇ ಎತ್ತಿ ಇಂಗ್ಲಿಷ್ ನಿಘಂಟಿನಲ್ಲಿ ಇಟ್ಟ ಹಾಗಿದೆ. ಅಗ್ರಹಾರ ಅಗ್ರಹಾರದ ಜಾಗದಲ್ಲಿ, ಕೇರಿ ಕೇರಿಯ ಜಾಗದಲ್ಲಿ. ಇಂಗ್ಲಿಷ್ ಜಾತಿ ಇಲ್ಲದ ಭಾಷೆ, ಕಲಿತರೆ ವಿಮೋಚನೆ ಅಂತ ಭಾಷಣ ಮಾಡುವ ನಮ್ಮ ಹಿರಿಯರು ಕೆಲವರು ಒಮ್ಮೆ ನಿಘಂಟು ತಿರುವಿ ಹಾಕುವುದು ಒಳ್ಳೆಯದು. ತಮಾಷೆಯೆಂದರೆ ಅನ್‌ಟಚಬಲ್ ಎಂಬ ಪದಕ್ಕೆ ಅಮೆರಿಕಾದಲ್ಲಿ ಇನ್ನೊಂದು ಅರ್ಥ ಬಂದಿದೆ. 1930ರ ಸುಮಾರಿನಲ್ಲಿ ಚಿಕಾಗೋದ ಹೆಂಡದ ದಂಧೆಕೋರರ ಬೆನ್ನು ಹತ್ತಿದ ಎಲಿಯಟ್ ನೆಸ್‌ನ ತಂಡಕ್ಕೆ ಲಂಚ ಮುಟ್ಟದವರು ಅಂತ ಅನ್‌ಟಚಬಲ್ಸ್ ಎಂದು ಕರೆದರು. ಒಂದೇ ಪದ. ಅಲ್ಲಿ ಬಿರುದು, ಇಲ್ಲಿ ಬರೆ.

ಹಾಗಂತ ಇಂಗ್ಲಿಷನ್ನು ಬಿಟ್ಟುಬಿಡೋಣವಾ? ಕನ್ನಡ ಏನು ಕಡಿಮೆ ಬೈದಿದೆಯಾ ನಮ್ಮನ್ನು? ನಮ್ಮ ಜಾತಿಯ ಹೆಸರು ಹೇಳಿ ಬೈಯದ ಕನ್ನಡದ ಊರು ಯಾವುದು? ಪದವನ್ನು ಬಿಡಬಾರದು, ಅದರ ಜುಟ್ಟು ಹಿಡಿದು ಎಲ್ಲಿಂದ ಬಂದೆ ಅಂತ ಕೇಳಬೇಕು. ಕೇಳಿದವನಿಗೆ ಅದು ಮರೆಯುವುದಿಲ್ಲ.

ಆಸ್ಟ್ರಸೈಜ್ ಎಂಬ ಪದ ತಗೊಳ್ಳಿ. ಬಹಿಷ್ಕಾರ ಹಾಕು. ಆಸ್ಟ್ರಕಾನ್ ಅಂದರೆ ಗ್ರೀಕಿನಲ್ಲಿ ಮಡಕೆಯ ಚೂರು, ಬೋಕಿ. ಕ್ರಿಸ್ತಪೂರ್ವ ಐದನೆಯ ಶತಮಾನದ ಅಥೆನ್ಸಿನಲ್ಲಿ ಯಾರಾದರೂ ಬಲಾಢ್ಯ ಮಿತಿಮೀರಿದ ಅನಿಸಿದರೆ ಜನ ಬೋಕಿಯ ಮೇಲೆ ಅವನ ಹೆಸರು ಗೀಚಿ ಹಾಕುತ್ತಿದ್ದರು. ಆರು ಸಾವಿರ ಬೋಕಿ ಬಿದ್ದರೆ ಲೆಕ್ಕಕ್ಕೆ. ಹೆಸರು ಬಂದವನು ಹತ್ತು ವರ್ಷ ಊರು ಬಿಡಬೇಕು. ಆದರೆ ಅವನ ಆಸ್ತಿ ಮುಟ್ಟುತ್ತಿರಲಿಲ್ಲ. ಹತ್ತು ವರ್ಷ ಆದ ಮೇಲೆ ಮರ್ಯಾದೆಯಾಗಿ ಮರಳಬಹುದಿತ್ತು. ಈಗ ಇಲ್ಲಿಗೆ ಬನ್ನಿ. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯ ತನ್ನ ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ಓಡಾಡಬೇಕಿತ್ತು ಅಂತ ಬಾಬಾಸಾಹೇಬರು ಬರೆದಿದ್ದಾರೆ. ಅಲ್ಲೂ ಮಡಕೆ, ಇಲ್ಲೂ ಮಡಕೆ. ಅಲ್ಲಿ ಬಲಾಢ್ಯನನ್ನು ಹೊರಹಾಕಲು ಬಡವನ ಕೈಯಲ್ಲಿ ಮಡಕೆಯ ಚೂರು. ಇಲ್ಲಿ ಬಡವನ ಕುತ್ತಿಗೆಯಲ್ಲಿ ಇಡೀ ಮಡಕೆ. ನಮ್ಮ ಬಹಿಷ್ಕಾರಕ್ಕೆ ಹತ್ತು ವರ್ಷದ ಗಡುವೂ ಇಲ್ಲ. ಹೀಗೆ ಕಲಿತ ಮೇಲೆ ಆಸ್ಟ್ರಸೈಜ್ ಮರೆಯಲು ಸಾಧ್ಯವಾ ಹೇಳಿ.

ಯೂಫಮಿಸಮ್ ಅಂದರೆ ಕೆಟ್ಟದ್ದಕ್ಕೆ ಹಾಕುವ ಚಂದದ ಹೆಸರು. ಉದಾಹರಣೆ ಬೇಕಾ? ಹರಿಜನ. 1933ರಲ್ಲಿ ಗಾಂಧಿ ಆ ಹೆಸರಿನ ಪತ್ರಿಕೆಯನ್ನೇ ಶುರು ಮಾಡಿದರು. ಹೆಸರು ಬದಲಾಯಿತು, ಬಾವಿ ಬದಲಾಗಲಿಲ್ಲ. ಕಾಂಡಿಸೆಂಡ್ ಎಂಬುದಕ್ಕೆ ಮೂಲದಲ್ಲಿ ಇಳಿದು ಬಾ ಎಂಬ ಅರ್ಥ. ಮೇಲಿನವನು ದೊಡ್ಡ ಮನಸ್ಸು ಮಾಡಿ ಕೆಳಗಿನವನ ಮಟ್ಟಕ್ಕೆ ಇಳಿಯುವುದು. ಅಂಗೈ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುವವರ ಮುಖದಲ್ಲಿ ಇರುತ್ತದಲ್ಲ ಒಂದು ನಗು, ಅದು. ಒಬ್‌ಸೀಕ್ವಿಯಸ್ ಅಂದರೆ ಬೆನ್ನು ಬಗ್ಗಿಸಿ ಹಲ್ಲು ಗಿಂಜುವವನು. ಚುನಾವಣೆ ಹತ್ತಿರ ಬಂದಾಗ ಎಂಎಲ್‌ಎ ಮನೆ ಮುಂದೆ ನಮ್ಮವರೇ ಎಷ್ಟು ಜನ ಸಿಗುತ್ತಾರೆ ಎಣಿಸಿಕೊಳ್ಳಿ. ಟ್ಯಾಸಿಟ್ ಅಂದರೆ ಬಾಯಿ ಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿರುವ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರು 'ವೆಜಿಟೇರಿಯನ್ಸ್ ಓನ್ಲಿ' ಬೋರ್ಡು ನೋಡಿರುತ್ತೀರಿ. ಅದರಲ್ಲಿ ಜಾತಿ ಎಂಬ ಪದವೇ ಇಲ್ಲ. ಟ್ಯಾಸಿಟ್.

ಆದ್ದರಿಂದ ಪ್ರತಿ ಇಂಗ್ಲಿಷ್ ಪದಕ್ಕೂ ನಿಮ್ಮ ಕೇರಿಯ ಒಂದು ವಾಕ್ಯ ಬರೆಯಿರಿ. ನಿಘಂಟಿನ ವಾಕ್ಯ ಬೇಡ. ನಿಮ್ಮಜ್ಜಿ, ನಿಮ್ಮೂರ ಶಾನುಭೋಗ, ನಿಮ್ಮ ವಾರ್ಡನ್, ನಿಮ್ಮ ಮೆಸ್ಸಿನ ಸಾರು ಆ ವಾಕ್ಯದಲ್ಲಿ ಇರಲಿ. ಇನ್‌ಸಿಪಿಡ್ ಎಂಬ ಪದ ಕಲಿಯಲು ಹಾಸ್ಟೆಲ್ ಮೆಸ್ಸಿಗಿಂತ ದೊಡ್ಡ ವಿಶ್ವವಿದ್ಯಾಲಯ ಬೇಕಾ?

ಪುಸ್ತಕ ಯಾವುದು ಓದಬೇಕು ಅಂತ ಕೇಳ್ತೀರಿ. ಇಷ್ಟು ವರ್ಷ ಕಪಾಟಿನ ಮೇಲೆ ಇಟ್ಟು ಹಾರ ಹಾಕಿದ್ದೇವಲ್ಲ, ಅದೇ ಪುಸ್ತಕ. ಶಾಲೆಯಲ್ಲಿ ಸಂಸ್ಕೃತ ಓದಲು ಬಿಡದೆ ಪರ್ಷಿಯನ್ ತಗೋ ಅಂದ ದೇಶದಿಂದ ಹೊರಟ ಹುಡುಗ 1913ರ ಜುಲೈನಲ್ಲಿ ನ್ಯೂಯಾರ್ಕಿಗೆ ಇಳಿದ. ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ಪು, ತಿಂಗಳಿಗೆ ಹನ್ನೊಂದೂವರೆ ಪೌಂಡು. ಅದರಲ್ಲೇ ಹೊಟ್ಟೆ ಕಟ್ಟಿ ಹಳೇ ಪುಸ್ತಕ ಕೊಂಡ. ಜಿಆರ್‌ಇ ಆಗ ಹುಟ್ಟೇ ಇರಲಿಲ್ಲ. ಕೊಲಂಬಿಯಾದ ಬಾಗಿಲಲ್ಲಿ ಯಾರೂ ಅವರಿಗೆ ರೆಗಾಟಾ ಅಂದರೇನು ಅಂತ ಕೇಳಲಿಲ್ಲ. 1916ರ ಮೇ ತಿಂಗಳಲ್ಲಿ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಅದರ ಕೀಲಿಪದ ಎಂಡೋಗಮಿ. ಒಳಗೊಳಗೇ ಮದುವೆ. ಎಂಡೋ ಅಂದರೆ ಒಳಗೆ, ಗಮಿ ಅಂದರೆ ಮದುವೆ. ಗಮಿ ಗೊತ್ತಾದರೆ ಮನಾಗಮಿ, ಪಾಲಿಗಮಿ, ಎಕ್ಸಾಗಮಿ ಎಲ್ಲ ತಾವಾಗೇ ಬಂದು ಸಾಲಾಗಿ ನಿಲ್ಲುತ್ತವೆ. ಒಂದು ಬೇರು ಹಿಡಿದರೆ ನಾಲ್ಕು ಗಿಡ.

1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು ಭಾಷಣಕ್ಕೆ ಕರೆದು, ಬರೆದದ್ದನ್ನು ನೋಡಿ ಹೆದರಿ ಸಮ್ಮೇಳನವನ್ನೇ ನಿಲ್ಲಿಸಿದರು. ಬಾಬಾಸಾಹೇಬರು ತಾವೇ ಅಚ್ಚು ಹಾಕಿಸಿದರು. ಅದೇ ಅನೈಹಿಲೇಷನ್ ಆಫ್ ಕಾಸ್ಟ್. ಅನೈಹಿಲೇಟ್ ಎಂಬ ಪದದ ಹೊಟ್ಟೆಯಲ್ಲಿ ನಿಹಿಲ್ ಇದೆ, ಲ್ಯಾಟಿನ್ನಿನಲ್ಲಿ ಏನೂ ಇಲ್ಲ ಅಂತ. ಏನೂ ಉಳಿಯದ ಹಾಗೆ ಮಾಡು. ರಿಫಾರ್ಮ್ ಎಂಬ ಸುಲಭದ ಪದ ಅಲ್ಲೇ ಬಿದ್ದಿತ್ತು. ಅವರು ಅದನ್ನು ತಲೆಬರಹಕ್ಕೆ ಎತ್ತಿಕೊಳ್ಳಲಿಲ್ಲ. ಸರಿಯಾದ ಪದ ಆರಿಸುವುದು ಎಂದರೆ ಇದು. ಅದೇ ಪುಸ್ತಕದಲ್ಲಿ ಎಂಡಾಸ್ಮೋಸಿಸ್ ಎಂಬ ಪದ ಬರುತ್ತದೆ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಗೊತ್ತು. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಪೊರೆ ದಾಟಿ ನೀರು ಒಳಗೆ ಹೋಗಿ ಉಬ್ಬುತ್ತದಲ್ಲ, ಅದು. ಅವರ ಗುರು ಜಾನ್ ಡ್ಯೂಯಿ ಅದನ್ನು ಸಮಾಜಕ್ಕೆ ಬಳಸಿದ್ದ. ಬಾಬಾಸಾಹೇಬರು ಆ ಪದವನ್ನು ಇಲ್ಲಿಗೆ ತಂದರು. ಗುಂಪಿನಿಂದ ಗುಂಪಿಗೆ ಬದುಕು ಹರಿದು ಹೋಗಬೇಕು, ಪೊರೆ ಗೋಡೆಯಾಗಬಾರದು. ಯಾವ ಕೋಚಿಂಗ್ ಪಟ್ಟಿ ನಿಮಗೆ ಒಂದು ಪದದಲ್ಲಿ ಇಷ್ಟು ಕೊಡುತ್ತದೆ? ಕನ್ನಡ ಅನುವಾದ ಒಂದು ಕೈಯಲ್ಲಿ, ಇಂಗ್ಲಿಷ್ ಮೂಲ ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ದಿನಕ್ಕೆ ಎರಡು ಪುಟ ಓದಿ. ಪರೀಕ್ಷೆಯ ಪ್ಯಾರಾಗಳಲ್ಲಿ ಇರುವಂಥ ಉದ್ದ ವಾಕ್ಯ, ಎದುರಾಳಿಯ ವಾದ ಹೇಳಿ ಮುರಿಯುವ ರೀತಿ, ಎಲ್ಲ ಅಲ್ಲಿದೆ.

ನೆನಪಿಗೆ ಒಂದು ಉಪಾಯ ಇದೆ, ಖರ್ಚಿಲ್ಲದ್ದು. ಲೈಟ್ನರ್ ಎಂಬುವನು 1972ರಲ್ಲಿ ಜರ್ಮನ್ ಪುಸ್ತಕದಲ್ಲಿ ಬರೆದದ್ದು. ಹಳೇ ಚಪ್ಪಲಿ ಡಬ್ಬ ತಗೊಂಡು ಐದು ಖಾನೆ ಮಾಡಿ. ಮದುವೆ ಕರೆಯೋಲೆಗಳನ್ನು ಕತ್ತರಿಸಿ ಚೀಟಿ ಮಾಡಿ. ಒಂದು ಕಡೆ ಪದ, ಹಿಂದೆ ಅರ್ಥ ಮತ್ತು ನಿಮ್ಮ ಕೇರಿಯ ವಾಕ್ಯ. ಹೊಸ ಚೀಟಿ ಎಲ್ಲ ಒಂದನೇ ಖಾನೆಗೆ. ದಿನಾ ನೋಡಿ. ನೆನಪಾದರೆ ಎರಡನೇ ಖಾನೆಗೆ ಬಡ್ತಿ, ಅದನ್ನು ಎರಡು ದಿನಕ್ಕೊಮ್ಮೆ ನೋಡಿ. ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೆ, ಐದನೆಯದು ತಿಂಗಳಿಗೆ. ಮರೆತರೆ ಯಾವ ಖಾನೆಯಲ್ಲಿದ್ದರೂ ವಾಪಸು ಒಂದನೆಯದಕ್ಕೆ. ಇಲ್ಲಿ ಹುಟ್ಟಿನಿಂದ ಯಾರೂ ಮೇಲಿನ ಖಾನೆಯಲ್ಲಿಲ್ಲ. ದಿನಕ್ಕೆ ಹತ್ತು ಪದ ಹಾಕಿದರೆ ನೂರು ದಿನಕ್ಕೆ ಸಾವಿರ. ಓದುತ್ತಾ ಸಿಕ್ಕ ಸಾವಿರ ಪದ ಪಟ್ಟಿಯ ಮೂರೂವರೆ ಸಾವಿರಕ್ಕಿಂತ ಮೇಲು. ಹುಡುಗಿಯರ ಹಾಸ್ಟೆಲ್ಲುಗಳಲ್ಲಿ ಕತ್ತಲಾಗುವ ಮುಂಚೆ ಗೇಟು ಹಾಕಿ ಲೈಬ್ರರಿ ತಪ್ಪಿಸುತ್ತಾರೆ. ಡಬ್ಬಕ್ಕೆ ಗೇಟಿಲ್ಲ. ಆದರೆ ಗೇಟಿನ ಜಗಳ ಬಿಡಬೇಡಿ, ಅದು ಬೇರೆ.

ಇನ್ನು ನಗುವ ನಮ್ಮ ಸಂಗಾತಿಗಳಿಗೆ. ನಿಮಗೆ 1973 ನೆನಪಿಸಬೇಕಾ? ಆ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಇದೆ, ಇಂಗ್ಲಿಷ್ ಓದಿ ಎಂದದ್ದಕ್ಕೆ ರಾಜ್ಯ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಈ ಚಳವಳಿ ಹುಟ್ಟಿದ್ದೇ ಆ ಗಲಾಟೆಯ ಬೆಂಕಿಯಿಂದ. ಅವತ್ತು ಕನ್ನಡದ ಹೆಸರಲ್ಲಿ ಕಲ್ಲು ಹೊಡೆದವರ ಮನೆಯ ಮಕ್ಕಳು ಯಾವ ಮಾಧ್ಯಮದಲ್ಲಿ ಓದಿ ಈಗ ಎಲ್ಲಿದ್ದಾರೆ ಕೇಳಿ ನೋಡಿ. ಕೇರಿಯ ಹುಡುಗ ಇಂಗ್ಲಿಷ್ ಪುಸ್ತಕ ಹಿಡಿದಾಗ ಮಾತ್ರ ಎಲ್ಲರಿಗೂ ನಾಡು ನುಡಿ ನೆನಪಾಗುತ್ತದೆ. ನೀವು ಅವರ ಮಾತನ್ನು ಕೆಂಪು-ನೀಲಿ ಬಣ್ಣ ಬಳಿದು ಹೇಳುತ್ತಿದ್ದೀರಿ. ಹೋದವನು ಮರಳುವುದಿಲ್ಲ ಅಂತೀರಿ. ಕೆಲವರು ಮರಳುವುದಿಲ್ಲ, ನಿಜ. ಇಲ್ಲೇ ಕೂತವರೆಲ್ಲ ಬೀದಿಗೆ ಇಳಿದಿದ್ದಾರಾ?

ಅಲ್ಲೂ ಕೆಲಸ ಇದೆ. ಜಾತಿ ವಿಮಾನ ಹತ್ತಿ ಹೋಗಿ ಬಹಳ ಕಾಲ ಆಯ್ತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಸಭೆ ಜಾತಿ ಭೇದವನ್ನು ಕಾನೂನಿನಲ್ಲಿ ನಿಷೇಧಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ್ದ ಅಂಥದೇ ಮಸೂದೆಗೆ ರಾಜ್ಯಪಾಲ ನ್ಯೂಸಮ್ ಸಹಿ ಹಾಕಲಿಲ್ಲ. ಅಲ್ಲಿ ಎದ್ದು ನಿಂತು, ಎದುರಾಳಿಯ ವಕೀಲನ ಇಂಗ್ಲಿಷಿಗೆ ಸಮನಾದ ಇಂಗ್ಲಿಷಿನಲ್ಲಿ ಉತ್ತರ ಕೊಡುವವರು ಯಾರು?

ಸರ್ಕಾರಕ್ಕೆ ಈ ವಿಷಯ ನಮಗಿಂತ ಚೆನ್ನಾಗಿ ಅರ್ಥವಾಗಿದೆ. ದಲಿತ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲು ಕೊಡುವ ರಾಷ್ಟ್ರೀಯ ಸ್ಕಾಲರ್‌ಶಿಪ್ಪಿನ ನಿಯಮಗಳಿಗೆ 2022ರಲ್ಲಿ ಒಂದು ಸಾಲು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಅಧ್ಯಯನ ಮಾಡುವವರಿಗೆ ಇಲ್ಲ ಅಂತ. ಕಂಪ್ಯೂಟರು ಓದು, ಹಣ ಕೊಡ್ತೀವಿ. ನಿಮ್ಮ ಕೇರಿಯ ಬಗ್ಗೆ ಓದಬೇಡ. ಬರೋಡಾದ ಮಹಾರಾಜರ ಬದಲು ಈ ನಿಯಮ ಬರೆದವರು ಇದ್ದಿದ್ದರೆ 1916ರ ಆ ಪ್ರಬಂಧ ಎಲ್ಲಿರುತ್ತಿತ್ತು? ಅರ್ಜಿ ಹಾಕುವವರು ಆಯಾ ವರ್ಷದ ನಿಯಮಾವಳಿಯನ್ನು ಒಂದೊಂದು ಸಾಲೂ ಬಿಡದೆ ಓದಿ. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ವಿಚಾರಿಸಿ. ಇಂಥ ಸಾಲುಗಳ ವಿರುದ್ಧ ಬರೆಯಬೇಕಾದ ಮನವಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯುವವರು ಪ್ರತಿ ಹಾಸ್ಟೆಲ್ಲಿನಲ್ಲೂ ಇಬ್ಬರಾದರೂ ಬೇಕು.

ಐದು ಜನ ಸೇರಿ ಶುರು ಮಾಡಿ. ವಾರಕ್ಕೊಂದು ಸಂಜೆ, ಊಟದ ಗಂಟೆಗೆ ಮುಂಚೆ. ಒಬ್ಬ ಓದಲಿ, ಉಳಿದವರು ನಿಲ್ಲಿಸಿ ನಿಲ್ಲಿಸಿ ಕೇಳಲಿ. ಉಚ್ಚಾರಣೆ ತಪ್ಪಿದರೆ ನಗುವವನನ್ನು ಹೊರಗೆ ಕಳಿಸಿ. ಚೀಟಿಗಳನ್ನು ಹಂಚಿಕೊಂಡು ಬರೆಯಿರಿ, ಒಬ್ಬೊಬ್ಬ ಹತ್ತು ಬರೆದರೆ ವಾರಕ್ಕೆ ಐವತ್ತಾಯಿತು. ಪರೀಕ್ಷೆ ಮುಗಿದ ಮೇಲೆ ಡಬ್ಬವನ್ನು ಊರಿಗೆ ಹೊತ್ತುಕೊಂಡು ಹೋಗಬೇಡಿ. ಮೊದಲ ವರ್ಷದ ಬಿ.ಎ.ಗೆ ಬಂದು ಟ್ರಂಕು ಇಳಿಸುತ್ತಿರುವ ಹುಡುಗನ ಕೈಗೆ ಕೊಟ್ಟು ಹೋಗಿ.